ಎರಡು ಸಲ ಓದಿದ ಚೀಟಿ

“ಕೀಲಿ ತಿರುಗಿಸಿದ್ಯಾ, ಇಲ್ವಾ? ಅಷ್ಟು ಹೇಳಮ್ಮ, ಸಾಕು.”

ಚಿಯಾ ಅಂಕಲ್ ಇದನ್ನು ಕೇಳುತ್ತಿದ್ದುದು ನಾಲ್ಕನೆಯ ಸಲ. ಝಾಲೆಹಾ ನಾಲ್ಕನೆಯ ಸಲವೂ ಅದೇ ಉತ್ತರ ಕೊಟ್ಟಳು.

“ಇಲ್ಲ ಅಂಕಲ್. ಮುಟ್ಟೇ ಇಲ್ಲ.”

“ಹಾಗಾದ್ರೆ ಮೂವತ್ತು ಟನ್ ಪೆಟ್ಟಿಗೆಗೆ ತಾನಾಗೇ ಅವಸರ ಬಂತಾ?”

ನನಗೆ ಸಿಟ್ಟು ನೆತ್ತಿಗೇರಿತು. “ಅಂಕಲ್, ನೀವು ತಜ್ಞರು ಅಂತ ನಿಮ್ಮ ಹತ್ರ ಬಂದಿದ್ದು. ಪೊಲೀಸ್ ಕೆಲಸ ಎರಡು ಗಂಟೆ ಮೇಲೆ ಪೊಲೀಸರೇ ಮಾಡ್ತಾರೆ, ಬಿಡಿ.”

ಅಂಕಲ್ ನನ್ನನ್ನು ದುರುಗುಟ್ಟಿ ನೋಡಿದರು. ಮೇಜಿನ ಡ್ರಾಯರ್ ಹಿಡಿಗೆ ನೇತುಹಾಕಿದ್ದ ಪ್ಲಾಸ್ಟಿಕ್ ಚೀಲದಿಂದ ಕರಿ ಕಾಫಿಯನ್ನು ಕೊಳವೆಯಲ್ಲಿ ಒಂದು ಗುಟುಕು ಎಳೆದರು.

ಹೋದ ಗುರುವಾರ ಮಧ್ಯಾಹ್ನ, ತಂಜುಂಗ್ ಕೆರಾಂಗ್ ಬಂದರಿನ ನಾಲ್ಕನೆಯ ಕ್ರೇನ್ ಇಳಿಸುತ್ತಿದ್ದ ಕಂಟೇನರ್ ಕೊನೆಯ ಹತ್ತು ಮೀಟರಿನಲ್ಲಿ ಹುಚ್ಚು ವೇಗಕ್ಕೆ ತಿರುಗಿ, ಕೆಳಗಿದ್ದ ಬರ್ಮಾದ ಕೆಲಸಗಾರ ತುನ್ ಲ್ವಿನ್‌ನ ಪ್ರಾಣ ತೆಗೆದಿತ್ತು. ಮೇಲೆ ಕ್ಯಾಬಿನಿನಲ್ಲಿ ಕೂತಿದ್ದವಳು ಝಾಲೆಹಾ. ಇವತ್ತು ಎರಡು ಗಂಟೆಗೆ ವಿಚಾರಣೆ. ತಪ್ಪಿತಸ್ಥೆ ಎಂದಾದರೆ ಹದಿನಾರು ವರ್ಷದ ಲೈಸೆನ್ಸು ಹೋಗುತ್ತದೆ, ಫೈಲು ನೇರ ಪೊಲೀಸ್ ಠಾಣೆಗೆ ಹೋಗುತ್ತದೆ. ಈಗ ಹನ್ನೆರಡೂವರೆ.

ನಾನು ಊಯಿ ಸ್ವೀ ಪೆಂಗ್. ಕ್ರೇನ್ ನಡೆಸುವವರ ಸಂಘ ನನ್ನನ್ನು ಕರೆಸಿಕೊಂಡಿದೆ. ಹದಿನೆಂಟು ವರ್ಷ ಡ್ರೈವರ್‌ಗಳನ್ನು ಬರೆದು ಸಾಕಾಗಿ, ಈಗ ಯಂತ್ರಗಳ ಹೊಟ್ಟೆಯೊಳಗೆ ನಡೆದ ಅಪರಾಧಗಳನ್ನು ಹುಡುಕುತ್ತೇನೆ. ಡ್ರೈವರ್ ಎಂದರೆ ಸ್ಟೀರಿಂಗ್ ಹಿಡಿದು ಕೂತ ಮನುಷ್ಯನಲ್ಲ. ಕಂಪ್ಯೂಟರಿಗೂ ಮೋಟಾರಿಗೂ ನಡುವೆ ಕೂತು ಮಾತು ಮುಟ್ಟಿಸುವ ಪ್ರೋಗ್ರಾಮ್. ಈ ಬಂದರಿನ ಕ್ರೇನುಗಳ ಡ್ರೈವರ್ ಬರೆದವರು ಇದೇ ಚಿಯಾ ತಿಯೋಂಗ್ ಗುವಾನ್. ನನಗೆ ಈ ಕಸುಬು ಕಲಿಸಿದವರೂ ಇವರೇ. ತಪ್ಪು ಬರೆದರೆ ಮರದ ಅಡಿಕೋಲಿನಿಂದ ಮೇಜು ಕುಟ್ಟುತ್ತಿದ್ದರು. ನನ್ನ ಬೆರಳುಗಳು ಸ್ವಲ್ಪದರಲ್ಲೇ ಉಳಿದದ್ದು ಎಷ್ಟೋ ಸಲ.

ಅದೇ ಮೇಜಿನ ಮೇಲೆ ಈಗ ಅವರು ಸಹಿ ಮಾಡಿದ ಅಭಿಪ್ರಾಯ ಪತ್ರವಿತ್ತು. ಒಂದೇ ಪುಟ. ‘ನೆಲ ಹತ್ತಿರವಾದಾಗ ನಿಮಿಷಕ್ಕೆ ನಲವತ್ತು ಮೀಟರಿಗಿಂತ ಹೆಚ್ಚಿನ ವೇಗವನ್ನು ಡ್ರೈವರ್ ಬಿಡುವುದೇ ಇಲ್ಲ. ದಾಖಲೆಯಲ್ಲಿ ನೂರ ಎಂಬತ್ತು ಎಂದಿದೆ. ಅಪಘಾತದ ನಂತರ ನೋಡಿದಾಗ ಕೀಲಿ ತಿರುಗಿದ ಸ್ಥಿತಿಯಲ್ಲಿತ್ತು. ಆದ್ದರಿಂದ ಆಪರೇಟರ್ ತಪಾಸಣೆ ತಪ್ಪಿಸುವ ರಿಪೇರಿ ಕೀಲಿಯನ್ನು ತಿರುಗಿಸಿರಲೇಬೇಕು.’

“ಕೀಲಿ ತಿರುಗಿಸಿದ್ದು ಬದ್ರುಲ್,” ಎಂದಳು ಝಾಲೆಹಾ. ಬದ್ರುಲ್ ಅಂದರೆ ರಿಪೇರಿ ವಿಭಾಗದ ಮುಖ್ಯಸ್ಥ. “ಪೆಟ್ಟಿಗೆ ಮೇಲೆತ್ತಿ ಆ ಹುಡುಗನ್ನ ಹೊರಗೆ ತೆಗೀಬೇಕಿತ್ತಲ್ಲ, ಆಗ. ನನ್ನ ಕಣ್ಣೆದುರಿಗೇ ತಿರುಗಿಸಿದ. ಈಗ ನನ್ನ ಮುಖ ನೋಡಿದ್ರೆ ಗೋಡೆ ಕಡೆ ತಿರುಗ್ತಾನೆ.”

“ಅವನು ಹಾಗೆ ಬರೆದು ಕೊಟ್ಟಿಲ್ವಲ್ಲ?”

“ಬರೆದು ಕೊಟ್ರೆ ಅವನ ಕೆಲಸ ಹೋಗುತ್ತೆ ಅಂಕಲ್. ಮೇಲಿನವರ ಅಪ್ಪಣೆ ಇಲ್ದೆ ಆ ಕೀಲಿ ಮುಟ್ಟೋ ಹಾಗಿಲ್ಲ. ಅವನಿಗೂ ಮನೆ ಇದೆ. ನನಗೆ ಮಾತ್ರ ಇಲ್ಲ ಅಂದ್ಕೊಂಡಿದ್ದಾರೆ ಎಲ್ಲರೂ.”

ಅವಳು ಅಳಲಿಲ್ಲ. ತಲೆಗೆ ಸುತ್ತಿದ್ದ ತುದುಂಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಗಿಯಾಗಿ ಎಳೆದಳು.

ನಾನು ಕುರ್ಚಿಯನ್ನು ಮುಂದಕ್ಕೆಳೆದೆ.

“ಅಂಕಲ್, ನಿಮ್ಮ ಮೊದಲ ಪಾಠ ಯಾವುದು ಹೇಳಿ.”

“ಪರೀಕ್ಷೆ ಮಾಡ್ತಿದ್ದೀಯಾ ನನ್ನನ್ನ?”

“ಝಾಲೆಹಾಗೆ ಗೊತ್ತಾಗ್ಲಿ ಅಂತ.”

ಅವರು ಗೊಣಗುತ್ತಲೇ ಹೇಳಿದರು. ಹೇಳತೊಡಗಿದ ಮೇಲೆ ಅವರೊಳಗಿನ ಹಳೆಯ ಮೇಷ್ಟರು ಎದ್ದು ಕೂತರು.

ಕಂಪ್ಯೂಟರಿನೊಳಗೆ ಒಂದು ಗೋಡೆಯಿದೆ. ಹೊರಗೆ ಸಾಮಾನ್ಯ ಪ್ರೋಗ್ರಾಮ್‌ಗಳು. ಒಳಗೆ ಕರ್ನಲ್ ಎಂಬ ಮುಖ್ಯ ಪ್ರೋಗ್ರಾಮ್; ಮೋಟಾರು, ಬ್ರೇಕು, ಡಿಸ್ಕು ಎಲ್ಲ ಅದರ ಕೈಯಲ್ಲಿ. ಹೊರಗಿನವರು ಒಳಗಿನ ಮೆಮೊರಿಯನ್ನು ಕಣ್ಣೆತ್ತಿ ನೋಡುವಂತಿಲ್ಲ. ಕ್ಯಾಬಿನಿನ ಪರದೆಯ ಪ್ರೋಗ್ರಾಮ್ ಹೊರಗಿನದು. ಝಾಲೆಹಾ ಹಿಡಿ ಒತ್ತಿದರೆ ಅದು ತನ್ನ ಮೆಮೊರಿಯಲ್ಲಿ ‘ಮೂವತ್ತರ ವೇಗದಲ್ಲಿ ಇಳಿಸು’ ಎಂದು ಒಂದು ಚೀಟಿ ಬರೆದಿಡುತ್ತದೆ. ಡ್ರೈವರ್ ಒಳಗಿನದು. ಅದು ಗೋಡೆಯಾಚೆ ಕೈಚಾಚಿ ಆ ಚೀಟಿ ಓದಿ, ನಲವತ್ತರೊಳಗಿದೆಯೇ ನೋಡಿ, ಮೋಟಾರಿಗೆ ಹೇಳುತ್ತದೆ.

“ಆದ್ರೆ ಚೀಟಿ ಇರೋದು ಹೊರಗಿನವರ ಜಾಗದಲ್ಲಿ,” ಎಂದು ಅಂಕಲ್ ಬೆರಳೆತ್ತಿದರು. “ನಾವು ಓದ್ತಾ ಇರೋವಾಗ್ಲೇ ಯಾರಾದ್ರೂ ಅಳಿಸಿ ತಿದ್ದಬಹುದು. ಅದಕ್ಕೇ ಒಂದೇ ಸಲ ಓದ್ಬೇಕು. ನಕಲು ಮಾಡ್ಕೊಂಡು ಒಳಗೆ ಬರ್ಬೇಕು. ನಕಲನ್ನೇ ಪರೀಕ್ಷೆ ಮಾಡ್ಬೇಕು, ನಕಲನ್ನೇ ಮೋಟಾರಿಗೆ ಕೊಡ್ಬೇಕು. ಮತ್ತೆ ಹೊರಗೆ ಇಣುಕಿದ್ಯೋ, ಕೆಟ್ಟೆ.”

“ನೀವು ಎಷ್ಟು ಸಲ ಓದಿದ್ದೀರಿ?”

“ಒಂದು ಸಲ! ನಿನಗೆ ಕಲಿಸಿದವನು ನಾನು. ನನ್ನನ್ನೇ ಕೇಳ್ತೀಯಾ?”

ಡ್ರಾಯರ್ ಎಳೆದು ಮೂಲ ಬರಹದ ಹಾಳೆಯನ್ನು ಮೇಜಿಗೆ ಅಪ್ಪಳಿಸಿದರು. “ನೋಡು. ಚೀಟಿ ಇರೋ ವಿಳಾಸ ಹೊರಗಿನವರದ್ದೇನಾ ಅಂತ ಮೊದ್ಲು ಪರೀಕ್ಷೆ. ಓದೋವಾಗ ಮೆಮೊರಿಯ ಆ ಪುಟ ಮಾಯ ಆದ್ರೆ ಇಡೀ ಯಂತ್ರ ಕುಸೀಬಾರ್ದು, ಅದಕ್ಕೆ ರಕ್ಷಣೆ. ಆಮೇಲೆ ಈ ಒಂದು ಸಾಲು. ವೇಗ ಓದಿ ನನ್ನ ನಕಲಿಗೆ ತಗೊಂಡೆ. ಕೆಳಗೆಲ್ಲ ನನ್ನ ನಕಲೇ. ಹೊರಗಿನದ್ದು ಎಲ್ಲಾದ್ರೂ ಮತ್ತೆ ಬಂದಿದ್ಯಾ? ತೋರ್ಸು!”

ಬಂದಿರಲಿಲ್ಲ. ಮೂರು ದಿನ ನಾನೂ ಇದೇ ಹಾಳೆಯ ಮುಂದೆ ಕೂತು ತಲೆ ಚಚ್ಚಿಕೊಂಡಿದ್ದೆ. ಒಂದೊಂದು ಅಕ್ಷರವೂ ಸರಿ. ಇಷ್ಟು ಅಚ್ಚುಕಟ್ಟಾದ ಬರಹವನ್ನು ನಾನು ಜನ್ಮದಲ್ಲಿ ಬರೆದಿಲ್ಲ. ನಿಜ ಹೇಳಬೇಕೆಂದರೆ, ಎರಡನೆಯ ದಿನ ಸಂಜೆ ಝಾಲೆಹಾಳ ಮೇಲೇ ನನಗೆ ಅನುಮಾನ ಬಂದಿತ್ತು.

“ತಪ್ಪಿಲ್ಲ ಅಂಕಲ್. ಇದನ್ನ ಬರೆದಿದ್ದು ನೀವೇ. ಆದ್ರೆ ಓಡಿದ್ದು ಇದಲ್ಲ.”

“ಅಂದ್ರೆ?”

ನಾನು ಚೀಲದಿಂದ ಬೇರೆ ಹಾಳೆ ತೆಗೆದೆ. ಗುರುವಾರ ಬ್ರೇಕು ಕಚ್ಚಿದ ಹೊಡೆತಕ್ಕೆ ಕ್ಯಾಬಿನಿನ ಕಂಪ್ಯೂಟರ್ ಕುಸಿದುಬಿದ್ದಿತ್ತು. ಬೀಳುವ ಮುಂಚೆ, ಆ ಕ್ಷಣ ತನ್ನ ಮೆಮೊರಿಯಲ್ಲಿ ಏನೇನಿತ್ತೋ ಅಷ್ಟನ್ನೂ ಒಂದು ಫೈಲಿಗೆ ಸುರಿದಿಟ್ಟಿತ್ತು. ಸಂಘದವರು ಹಟ ಹಿಡಿದು ಅದರ ಪ್ರತಿ ಇಸಿದುಕೊಂಡಿದ್ದರು. ನಾವು ಬರೆಯುವುದನ್ನು ಯಂತ್ರದ ಭಾಷೆಗೆ ಇಳಿಸುವುದು ಕಂಪೈಲರ್. ಹಾಗೆ ಇಳಿಸಿದ ಮೇಲೆ ಅಂಕಲ್ ಅವರ ಡ್ರೈವರ್ ಹೇಗಿತ್ತು ಎನ್ನುವುದು ಈ ಹಾಳೆಯಲ್ಲಿತ್ತು.

“ಮೇಲಿನಿಂದ ಓದಿ,” ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಓದತೊಡಗಿದರು. ಬೆರಳು ಒಂದು ಕಡೆ ನಿಂತಿತು. “ಇದು ಓದೋ ಸಾಲು. ಸರಿ ಇದೆ.” ಮುಂದೆ ಸಾಗಿತು. “ಇಲ್ಲಿ ನಲವತ್ತರ ಪರೀಕ್ಷೆ. ಸರಿ. ಇಲ್ಲಿ ತೂಕದ ಲೆಕ್ಕ. ಇದು ಬ್ರೇಕಿಂದು...”

ಬೆರಳು ನಿಂತಿತು.

ಅಂಕಲ್ ಬೆರಳನ್ನು ಮೇಲಕ್ಕೆ ಒಯ್ದರು, ಮತ್ತೆ ಕೆಳಗೆ ತಂದರು. ಮತ್ತೆ ಮೇಲೆ. ತುಟಿ ಅಲುಗುತ್ತಿತ್ತು.

“ಅದೇ ವಿಳಾಸ,” ಎಂದರು. ಪಿಸುಮಾತು. “ಮತ್ತೆ ಹೊರಗೆ ಹೋಗಿ ಓದ್ತಾ ಇದೆ.”

“ಹೌದು.”

“ನಾನು ಇದನ್ನ ಬರ್ದಿಲ್ಲ ಸ್ವೀ ಪೆಂಗ್.”

“ಗೊತ್ತು ಅಂಕಲ್.”

“ಒಂದು ನಿಮಿಷ ನಿಲ್ಸ್ತೀರಾ ಇಬ್ರೂ?” ಝಾಲೆಹಾ ಎದ್ದು ನಿಂತಳು. “ನನಗೆ ಅರ್ಥ ಆಗೋ ಹಾಗೆ ಹೇಳಿ. ಜೈಲಿಗೆ ಹೋಗೋಳು ನಾನು, ನೀವಲ್ಲ.”

ನಾನು ಹೇಳಿದೆ. ಕಂಪೈಲರಿಗೆ ಕೆಲಸ ಮಾಡುವಾಗ ಸಂಖ್ಯೆಗಳನ್ನು ಹಿಡಿದಿಟ್ಟುಕೊಳ್ಳಲು ಇರುವ ಜಾಗ ಕಡಿಮೆ. ಅದು ಚೀಟಿಯಲ್ಲಿದ್ದ ವೇಗವನ್ನು ಓದಿ ಪರೀಕ್ಷೆ ಮಾಡಿತು. ನಡುವೆ ತೂಕದ ಲೆಕ್ಕ, ಬ್ರೇಕಿನ ಲೆಕ್ಕ ಬಂತು. ಕೈ ಸಾಲಲಿಲ್ಲ. ‘ಇದನ್ನು ಯಾಕೆ ಹೊತ್ತುಕೊಂಡಿರಲಿ, ಚೀಟಿ ಅಲ್ಲೇ ಇದೆಯಲ್ಲ, ಬೇಕಾದಾಗ ಮತ್ತೆ ನೋಡಿದರಾಯಿತು’ ಎಂದು ಅದು ತೀರ್ಮಾನಿಸಿತು. ಚೀಟಿಯನ್ನು ನಡುವೆ ಬೇರೆ ಯಾರೋ ತಿದ್ದಬಹುದು ಎಂಬ ಯೋಚನೆಯೇ ಅದಕ್ಕೆ ಬರುವುದಿಲ್ಲ. ಹಾಗೆ ಮಾಡಬೇಡ ಎಂದು ನಾವು ಬಾಯಿಬಿಟ್ಟು ಹೇಳಿರಬೇಕು. ಅಂಕಲ್ ಹೇಳಿರಲಿಲ್ಲ.

“ಪರೀಕ್ಷೆ ಮಾಡಿದ ಚೀಟಿಯಲ್ಲಿ ಮೂವತ್ತು ಇತ್ತು,” ಎಂದೆ. “ಮೋಟಾರಿಗೆ ಹೋದದ್ದು ಎರಡನೇ ಸಲ ಓದಿದ್ದು. ಅದರಲ್ಲಿ ನೂರ ಎಂಬತ್ತು. ದಾಖಲೆಗೆ ಬಿದ್ದಿದ್ದೂ ಎರಡನೆಯದೇ.”

“ಅಂದ್ರೆ ನಾನು ಕೇಳಿದ್ದು ಮೂವತ್ತೇ?”

“ನೀನು ಕೇಳಿದ್ದು ಮೂವತ್ತೇ.”

ಝಾಲೆಹಾ ಕುರ್ಚಿಯ ಮೇಲೆ ಧೊಪ್ಪನೆ ಕೂತಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. “ಅಲ್‌ಹಮ್ದುಲಿಲ್ಲಾ,” ಎಂದಳು. ಆರು ದಿನದಿಂದ ತನ್ನ ಕೈಯನ್ನೇ ತಾನು ನಂಬದೆ ನೋಡಿಕೊಳ್ಳುತ್ತಿದ್ದವಳು ಅವಳು.

ಅಂಕಲ್ ಮಾತ್ರ ಹಾಳೆ ಬಿಟ್ಟು ಕಣ್ಣೆತ್ತಲಿಲ್ಲ.

“ಎರಡು ಓದಿನ ನಡುವೆ ಎಷ್ಟು ಹೊತ್ತು?”

“ನೀವೇ ಲೆಕ್ಕ ಹಾಕಿ.”

ಹಾಕಿದರು. ಬೆರಳ ಗೆಣ್ಣುಗಳಲ್ಲೇ. “ಅಮ್ಮಾ... ಒಂದು ಸೆಕೆಂಡನ್ನ ಕೋಟಿ ಭಾಗ ಮಾಡಿದ್ರೆ, ಅದ್ರಲ್ಲಿ ಒಂದು ಭಾಗ.” ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾವು ಒಂದು ಸಲ ರೆಪ್ಪೆ ಬಡಿಯೋದ್ರೊಳಗೆ ಇಂಥವು ಹತ್ತು ಲಕ್ಷ ಆಗಿಹೋಗುತ್ತೆ. ಅಷ್ಟು ಸಣ್ಣ ಸಂದಿ. ಒಂಬತ್ತು ವರ್ಷದಿಂದ ನನ್ನ ಡ್ರೈವರ್‌ನಲ್ಲಿ ತೆರೆದು ಕೂತಿತ್ತು. ನನ್ನ ಬರಹ ಓದಿದವರಲ್ಲಿ ಒಬ್ಬರಿಗೂ ಕಾಣಲ್ಲ. ಯಾಕಂದ್ರೆ ಅದು ಬರಹದಲ್ಲಿ ಇಲ್ಲವೇ ಇಲ್ಲ.”

ಅವರ ಮುಖದಲ್ಲಿ ಸೋಲಿರಲಿಲ್ಲ. ಮೊದಲ ಸಲ ಸಮುದ್ರ ನೋಡಿದ ಮಗುವಿನ ಬೆರಗಿತ್ತು. ನನಗೂ ಹಾಗೇ ಆಗಿತ್ತು. ನಿನ್ನೆ ಆ ಎರಡನೆಯ ಸಾಲು ಕಣ್ಣಿಗೆ ಬಿದ್ದಾಗ ಮೈ ಜುಮ್ಮೆಂದು, ಎದ್ದು ಕಿಟಕಿಯ ಹತ್ತಿರ ಹೋಗಿ ಸುಮ್ಮನೆ ನಿಂತುಬಿಟ್ಟಿದ್ದೆ. ಒಬ್ಬ ಮನುಷ್ಯ ಸತ್ತದ್ದು ಇಷ್ಟು ಚಿಕ್ಕ ಜಾಗದಲ್ಲಿ. ನಮ್ಮ ಜೀವಗಳನ್ನೆಲ್ಲ ಎಂಥ ಸೂಕ್ಷ್ಮದ ಮೇಲೆ ತೂಗುಹಾಕಿದ್ದೇವೆ, ದೇವರೇ!

“ಒಂದೇ ಸಲ ಓದೋಕೆ ಅಂತಲೇ ಈಗ ಬೇರೆ ಫಂಕ್ಷನ್‌ಗಳು ಬಂದಿವೆಯಲ್ಲ ಅಂಕಲ್. ಅದ್ರಲ್ಲಿ ಓದಿದ್ರೆ ಕಂಪೈಲರ್ ಮತ್ತೆ ಇಣುಕೋ ಹಾಗಿಲ್ಲ.”

“ಗೊತ್ತಿತ್ತು.” ಅವರು ನನ್ನ ಕಣ್ಣನ್ನು ನೇರವಾಗಿ ನೋಡಿದರು. “ಹೊಸದಕ್ಕೆಲ್ಲ ಅದನ್ನೇ ಹಾಕ್ತೀನಿ. ಇದು ಒಂಬತ್ತು ವರ್ಷ ತೊಂದರೆ ಕೊಡದೆ ಓಡ್ತಿದೆ, ಓಡೋದನ್ನ ಯಾಕೆ ಮುಟ್ಬೇಕು ಅಂತ ಬಿಟ್ಟೆ. ಓಡ್ತಿದೆ ಅಂದ್ರೆ ಸರಿ ಇದೆ ಅಂತ ಅಂದ್ಕೊಂಡೆ. ನನ್ನ ತಪ್ಪೇ ಅದು. ಆ ಹುಡುಗನ ಸಾವು ನನ್ನ ಲೆಕ್ಕಕ್ಕೆ.”

ಹೀಗೆ ಒಪ್ಪಿಕೊಳ್ಳುತ್ತಾರೆಂದು ನಾನು ನಿರೀಕ್ಷಿಸಿರಲಿಲ್ಲ. ಜಗಳಕ್ಕೆಂದು ಟೊಂಕ ಕಟ್ಟಿಕೊಂಡು ಬಂದಿದ್ದೆ.

ಅಂಕಲ್ ಅಭಿಪ್ರಾಯ ಪತ್ರವನ್ನು ಎಳೆದುಕೊಂಡರು. ತಮ್ಮ ಸಹಿಯ ಮೇಲೆ ಗೀಟು ಹಾಕಿ, ಕೆಳಗೆ ‘ನನ್ನ ಡ್ರೈವರ್ ತಪ್ಪು ಮಾಡಿದೆ. ಆಪರೇಟರ್ ನಿರಪರಾಧಿ’ ಎಂದು ಬರೆದು ಹೊಸ ಸಹಿ ಹಾಕಿದರು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಝಾಲೆಹಾಗೆ ಕೊಟ್ಟರು. “ಕ್ಷಮಿಸಮ್ಮ. ನಾಲ್ಕು ಸಲ ಕೇಳ್ಬಾರ್ದಿತ್ತು.”

ಝಾಲೆಹಾ ಅದನ್ನು ಎದೆಗೆ ಒತ್ತಿಕೊಂಡಳು. ಒಂದು ಗಂಟೆ ಹತ್ತು ನಿಮಿಷ. ಲೈಸೆನ್ಸು ಉಳಿಯಿತು ಎಂದುಕೊಂಡೆ.

“ಸಂಭ್ರಮ ಆಮೇಲೆ,” ಎಂದರು ಅಂಕಲ್. “ಸಂದಿ ನನ್ನದು, ಒಪ್ಪಿದೆ. ಆದ್ರೆ ಸಂದಿ ಇದ್ದ ಮಾತ್ರಕ್ಕೆ ಚೀಟಿ ತಾನಾಗೇ ಬದಲಾಗಲ್ಲ. ಅಷ್ಟು ಸಣ್ಣ ಜಾಗದಲ್ಲಿ ಸರಿಯಾಗಿ ಕೈ ಹಾಕಿದ್ದು ಯಾರು?”

ಈ ಪ್ರಶ್ನೆಗೇ ನಾನು ಕಾಯುತ್ತಿದ್ದೆ. ಇನ್ನೊಂದು ಹಾಳೆ ತೆಗೆದೆ.

“ಕ್ಯಾಬಿನ್ ಕಂಪ್ಯೂಟರಲ್ಲಿ ಪರದೆ ಪ್ರೋಗ್ರಾಮಿನ ಬೆನ್ನಿಗೆ ಇನ್ನೊಂದು ಅಂಟ್ಕೊಂಡಿದೆ. ತೀರಾ ಪುಟ್ಟದು. ಒಂದೇ ಕೆಲಸ ಮಾಡುತ್ತೆ. ಆಪರೇಟರ್ ಬರೆದ ವೇಗ ಅಳಿಸಿ ನೂರ ಎಂಬತ್ತು ಬರೆಯೋದು, ತಕ್ಷಣ ಮೊದಲಿನದ್ದನ್ನೇ ವಾಪಸ್ ಬರೆಯೋದು. ಮತ್ತೆ ನೂರ ಎಂಬತ್ತು. ಮತ್ತೆ ಮೊದಲಿನದು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಯಾವಾಗ್ಲೋ ಒಂದು ಸಲ ಪರೀಕ್ಷೆಗೆ ಒಳ್ಳೇದು, ಮೋಟಾರಿಗೆ ಕೆಟ್ಟದ್ದು ಸಿಕ್ಕೇ ಸಿಗುತ್ತೆ.”

ಅಂಕಲ್ ಓದಿದರು. ಕೊನೆಗೆ ಉಸಿರು ಬಿಟ್ಟು ಹೇಳಿದರು: “ಎಷ್ಟು ಚೆನ್ನಾಗಿ ಬರ್ದಿದ್ದಾನೆ ಪಾಪಿ. ನನ್ನ ಸಂದಿಯ ಅಳತೆ ತಗೊಂಡು ಹೊಲಿದಿದ್ದಾನೆ. ನನ್ನ ಡ್ರೈವರ್ ಬಗ್ಗೆ ನನಗಿಂತ ಇವನಿಗೆ ಹೆಚ್ಚು ಗೊತ್ತು.”

“ಅಂದ್ರೆ ಇದು ಅಪಘಾತ ಅಲ್ವಾ?” ಝಾಲೆಹಾಳ ಮುಖ ಬಿಳಿಚಿತು. “ಬೇಕೂಂತ ಮಾಡಿದ್ದಾ? ನನಗೆ? ನಾನು ಯಾರಿಗೆ ಏನು ಮಾಡಿದ್ದೀನಿ?”

“ಇದೇನಿದು?” ಅಂಕಲ್ ಹಾಳೆಯ ತಲೆಭಾಗಕ್ಕೆ ಬೆರಳಿಟ್ಟರು. “ಶುರುವಾಗೋಕೆ ಮುಂಚೆ ಏನೋ ನೋಡ್ತಾ ಇದೆ. ಪಾಳಿ ಪಟ್ಟಿ ತೆಗೆದು, ನಾಲ್ಕನೇ ಕ್ರೇನಿನ ಎದುರು ಆರುನೂರ ಹದಿನೆಂಟು ಅಂತ ಇದ್ರೆ ಮಾತ್ರ ಎದ್ದೇಳುತ್ತೆ. ಇಲ್ದಿದ್ರೆ ಮಲಗಿರುತ್ತೆ.”

“ಆಪರೇಟರ್ ನಂಬರ್ ಇರ್ಬೇಕು,” ಎಂದೆ. “ಝಾಲೆಹಾದು.”

“ನನ್ನದಲ್ಲ,” ಎಂದಳು ಝಾಲೆಹಾ.

ಇಬ್ಬರೂ ಅವಳತ್ತ ತಿರುಗಿದೆವು.

“ನನ್ನದು ಐನೂರ ಏಳು. ಆರುನೂರ ಹದಿನೆಂಟು ಸುರಿಯಾತಿದು. ಗುರುವಾರ ಅವಳ ಪಾಳಿ. ಅವಳ ತಂಗೀನ ನೋಡೋಕೆ ಗಂಡಿನ ಕಡೆಯವರು ಬರ್ತಿದ್ರು, ನೀನು ಹೋಗು ನಾನು ಹತ್ತುತ್ತೀನಿ ಅಂದೆ. ಪಟ್ಟಿ ತಿದ್ದಿಸೋಕೆ ಮೂರು ಸಹಿ ಬೇಕು, ಯಾರಿಗೆ ಬೇಕು ಆ ತಲೆನೋವು! ನಾವೆಲ್ಲ ಗೇಟಲ್ಲೇ ಬಾಯಿಮಾತಲ್ಲಿ ಅದಲುಬದಲು ಮಾಡ್ಕೋತೀವಿ.”

“ಯಾಕೆ ಹೇಳ್ಲಿಲ್ಲ ಇಷ್ಟು ದಿನ?”

“ಹೇಳಿದ್ರೆ ಅವಳ ಲೈಸೆನ್ಸೂ ಹೋಗ್ತಿತ್ತಲ್ಲ ಅಕ್ಕ. ಕ್ಯಾಬಿನಿಂದ ಇಳಿದವಳು ನಾನು ಅಂತ ನನ್ನನ್ನ ಹಿಡಿದ್ರು, ಪಟ್ಟಿ ಯಾರೂ ತೆಗೆದು ನೋಡ್ಲಿಲ್ಲ.”

“ಸುರಿಯಾತಿ ಈಗ ಎಲ್ಲಿದ್ದಾಳೆ?”

ಝಾಲೆಹಾ ಗಡಿಯಾರ ನೋಡಿದಳು. ಉತ್ತರ ಹೇಳುವ ಮೊದಲೇ ಅವಳ ಮುಖದಲ್ಲಿ ಅದು ಕಾಣಿಸಿತು. “ನನ್ನನ್ನ ಅಮಾನತು ಮಾಡಿದ್ರಲ್ಲ. ಇವತ್ತಿನ ಒಂದು ಗಂಟೆ ಪಾಳಿ ಅವಳಿಗೇ ಹಾಕಿದ್ದಾರೆ. ನಾಲ್ಕನೇ ಕ್ರೇನು.”

“ಆ ಕ್ರೇನನ್ನ ಮತ್ತೆ ಕೆಲಸಕ್ಕೆ ಬಿಟ್ಟಿದ್ಯಾರು?” ಎಂದು ಕಿರುಚಿದೆ.

“ನಾನು,” ಎಂದರು ಅಂಕಲ್. “ಯಂತ್ರದಲ್ಲಿ ದೋಷ ಇಲ್ಲ ಅಂತ ಸಹಿ ಹಾಕಿದ್ನಲ್ಲ.”

ಸುರಿಯಾತಿಗೆ ಫೋನ್ ಮಾಡಿ ಉಪಯೋಗವಿಲ್ಲ. ಆಪರೇಟರುಗಳು ಫೋನನ್ನು ಕೆಳಗಿನ ಪೆಟ್ಟಿಗೆಯಲ್ಲಿಟ್ಟು ಮೇಲೆ ಹತ್ತುತ್ತಾರೆ. ಅಂಕಲ್ ನಿಯಂತ್ರಣ ಕೊಠಡಿಗೆ ಫೋನ್ ಮಾಡಿದರು. ಕ್ರೇನ್ ನಿಲ್ಲಿಸಬೇಕಾದರೆ ಪಾಳಿ ಅಧಿಕಾರಿ ಬರಬೇಕು, ಅವರು ಊಟಕ್ಕೆ ಹೋಗಿದ್ದಾರೆ ಎಂದು ಆ ಕಡೆಯವನು ನಿಧಾನವಾಗಿ ಹೇಳುತ್ತಿದ್ದ.

ಗೋಡೆಯಲ್ಲಿ ಕೆಲಸದ ಚಾನಲ್ಲಿನ ರೇಡಿಯೊ ಇತ್ತು. ಝಾಲೆಹಾ ಅದರ ಕಡೆ ನಡೆದಳು.

“ಬೇಡ!” ನಾನು ಅವಳ ತೋಳು ಹಿಡಿದೆ. “ನಾನು ಮಾತಾಡ್ತೀನಿ.”

ಅಮಾನತಿನಲ್ಲಿರುವ ಆಪರೇಟರ್ ಕೆಲಸದ ಚಾನಲ್ಲಿನಲ್ಲಿ ಒಂದು ಮಾತಾಡಿದರೂ ಲೈಸೆನ್ಸು ರದ್ದು. ವಿಚಾರಣೆಯಿಲ್ಲ, ಮೇಲ್ಮನವಿಯಿಲ್ಲ. ಬಂದರಿನಲ್ಲಿ ಇದಕ್ಕಿಂತ ಕಟ್ಟುನಿಟ್ಟಿನ ನಿಯಮ ಬೇರೆ ಇಲ್ಲ.

“ನಿಮ್ಮ ದನಿ ಕೇಳಿ ಅವಳು ಹಿಡಿ ಬಿಡಲ್ಲ ಅಕ್ಕ. ಯಾರೋ ತಲೆಹರಟೆ ಅಂದ್ಕೋತಾಳೆ. ನನ್ನ ದನಿಗೆ ಬಿಡ್ತಾಳೆ. ಹಿಡಿ ಬಿಟ್ರೆ ಚೀಟಿಗೆ ಸೊನ್ನೆ ಬೀಳುತ್ತೆ, ಪೆಟ್ಟಿಗೆ ನಿಲ್ಲುತ್ತೆ.”

ಅಂಕಲ್ ಬರೆದುಕೊಟ್ಟ ಹಾಳೆಯನ್ನು ನನ್ನ ಕೈಗೆ ತುರುಕಿದಳು. ಕೈ ಕೊಡವಿಕೊಂಡು ರೇಡಿಯೊದ ಗುಂಡಿ ಒತ್ತಿದಳು.

“ನಾಲ್ಕನೇ ಕ್ರೇನ್! ಸುರಿಯಾತಿ, ನಾನು ಝಾಲೆಹಾ. ಏನೂ ಕೇಳ್ಬೇಡ. ಹಿಡಿಯಿಂದ ಕೈ ತೆಗಿ. ಈಗ್ಲೇ!”

ಚಾನಲ್ಲಿನಲ್ಲಿ ಮಾತಾಡುತ್ತಿದ್ದವರೆಲ್ಲ ಒಮ್ಮೆಲೇ ಸುಮ್ಮನಾದರು. ಇಡೀ ಬಂದರು ಅವಳ ದನಿಯನ್ನು ಕೇಳಿಸಿಕೊಂಡಿತ್ತು. ಹದಿನಾರು ವರ್ಷ ಅಲ್ಲಿಗೆ ಮುಗಿಯಿತು. ಝಾಲೆಹಾಗೆ ಅದರ ಪರಿವೆಯೇ ಇರಲಿಲ್ಲ; ಕಿವಿಯನ್ನು ರೇಡಿಯೊಗೆ ಅಂಟಿಸಿಕೊಂಡಿದ್ದಳು.

ಗರಗರ ಸದ್ದಿನ ನಡುವೆ ಸುರಿಯಾತಿಯ ದನಿ ಬಂತು.

“ತೆಗೆದೆ ಝಾಲೆಹಾ ಅಕ್ಕ. ಎರಡೂ ಕೈ ತೆಗೆದಿದ್ದೀನಿ.” ಒಂದು ಕ್ಷಣ ಬಿಟ್ಟು ಅದೇ ದನಿ ಚೀರಿತು: “ಅಕ್ಕ, ಪೆಟ್ಟಿಗೆ ನಿಲ್ತಾ ಇಲ್ಲ!”